ನಾಲ್ಕು ದೀಪದ ಗರಗಸ

"ಮುನಿರಾಜಪ್ಪನವರ, ಇದನ್ನ ನೀವು ಕೈಲೆ ಕೊಯ್ಕೋತ ಕುಂತ್ರ ನಮ್ಮ ಮೂರನೇ ಮಾಳಿಗಿಯವರು ದೀಪಾವಳಿಗೂ ಜಳಕಾ ಮಾಡೂದಿಲ್ರೀ!"

ದೊಮ್ಮಲೂರಿನ ಆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಸವಪ್ರಭು ಇಷ್ಟು ಹೇಳಿ ಲ್ಯಾಪ್‌ಟಾಪ್ ಬ್ಯಾಗನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿದ. ಆಫೀಸಿಗೆ ಹೊತ್ತಾಗಿತ್ತು. ಪೈಪುಗಳು ಹಾದುಹೋಗುವ ಡಕ್ಟಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮುನಿರಾಜಪ್ಪ ತಲೆಯೆತ್ತಿ ನೋಡಿದ. ಹಳೆಯ ಕಬ್ಬಿಣದ ಪೈಪುಗಳು ನಾಲ್ಕು ಮಹಡಿ ಉದ್ದಕ್ಕೂ ತುಕ್ಕು ಹಿಡಿದು, ಮುಪ್ಪಾದ ಕುದುರೆಗಳ ಕಾಲಿನ ಹಾಗೆ ಗಂಟುಗಂಟಾಗಿ ನಿಂತಿದ್ದವು. ಅಷ್ಟನ್ನೂ ಕತ್ತರಿಸಿ ತೆಗೆದು ಹೊಸದು ಹಾಕಬೇಕು.

"ಹದಿನೆಂಟು ವರ್ಷದಿಂದ ಈ ಬಿಲ್ಡಿಂಗ್ ನೋಡ್ಕೊಂಡಿದೀನಿ ಸಾರ್. ಯಾವತ್ತಾದ್ರೂ..."

"ಅದಕ್ಕ ನಿಮಗ ಮೊದಲು ಹೇಳಾಕತ್ತೀನಿ. ಸಂಜಿ ಐದಕ್ಕ ಬರ್ರಿ, ಒಂದು ಪೈಪ್ ಮಷಿನ್‌ಲೆ ಕಟ್ ಮಾಡಿ ತೋರಿಸ್ರಿ. ಕಲ್ಯಾಣ ನಗರದ ಸುನೀಲ್ ಅವರನ್ನೂ ಕರದೇನಿ. ಯಾರದು ಛಲೋ ಅನಸ್ತದ, ಇಡೀ ಬಿಲ್ಡಿಂಗ್ ಅವರಿಗೆ."

ಸುನೀಲನ ಹೆಸರು ಕೇಳಿ ಮುನಿರಾಜಪ್ಪ ಕೂತಲ್ಲಿಂದ ಎದ್ದುನಿಂತ. ಪ್ಲಂಬರುಗಳ ನಡುವೆ ಅವನಿಗೆ ಮಷಿನ್ ಸುನೀಲ ಎಂದೇ ಹೆಸರು. ವಾಷರ್ ಬದಲಾಯಿಸಲು ಬಂದರೂ ಕಾರಿನ ಡಿಕ್ಕಿಯಿಂದ ಮೂರು ಮಷಿನ್ನು ಇಳಿಸುವ ಆಸಾಮಿ. ಇವತ್ತು ಈ ಲೈನು ಅವನ ಪಾಲಾದರೆ ನಾಳೆ ನಲ್ಲಿಗಳೂ ಅವನ ಪಾಲು. ಹದಿನೆಂಟು ವರ್ಷ 'ಮುನಿರಾಜಪ್ಪನ್ನ ಕರೀರಿ' ಎನ್ನುತ್ತಿದ್ದ ಬಿಲ್ಡಿಂಗು ಇನ್ನು ಮೇಲೆ ಇನ್ನೊಬ್ಬನ ಹೆಸರು ಕೂಗುತ್ತದೆ.

ಅಲ್ಲಿಂದ ಸ್ಕೂಟರು ನೇರವಾಗಿ ಶಿವಾಜಿನಗರಕ್ಕೆ ತಿರುಗಿತು. ರಸೆಲ್ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಫೈಸಲ್‌ನ ಟೂಲ್ಸ್ ಅಂಗಡಿ.

"ಬನ್ನಿ ರಾಜಣ್ಣ. ಬ್ಲೇಡ್ ಪ್ಯಾಕೆಟ್ ತಾನೇ?"

"ಬ್ಲೇಡಲ್ಲಪ್ಪ. ಮಷಿನ್."

ಫೈಸಲ್ ಕುಡಿಯುತ್ತಿದ್ದ ಚಹಾ ಕೆಳಗಿಟ್ಟ. ಇಪ್ಪತ್ತು ವರ್ಷದಿಂದ ಬ್ಲೇಡು ಬಿಟ್ಟು ಬೇರೇನೂ ಕೊಳ್ಳದ ಗಿರಾಕಿ ಇದ್ದಕ್ಕಿದ್ದಂತೆ ಹೆಣ್ಣು ನೋಡಲು ಬಂದವನ ಹಾಗೆ ನಾಚಿಕೊಂಡು ನಿಂತಿದ್ದ.

"ವೈರ್‌ದಾ, ಬ್ಯಾಟರಿದಾ?"

"ಡಕ್ಟ್ ಒಳಗೆ ಪ್ಲಗ್ ಎಲ್ಲಿಂದ ತರ್ಲಿ? ಒದ್ದೆ ಜಾಗ ಬೇರೆ. ಬ್ಯಾಟರಿದೇ ಕೊಡು."

ಫೈಸಲ್ ಮೂರು ಪೆಟ್ಟಿಗೆ ಇಳಿಸಿದ. ಮೊದಲನೆಯದು ದುಂಡು ಬ್ಲೇಡಿನದು. "ಇದು ಬಡಗಿಗಳದ್ದು, ಎತ್ತಿಡು" ಎಂದು ಮುನಿರಾಜಪ್ಪ ಗತ್ತಿನಿಂದ ಹೇಳಿದ. ಎರಡನೆಯದಕ್ಕೆ ಉದ್ದ ಮೂತಿ; ಗುಂಡಿ ಒತ್ತಿದರೆ ಮುಂದಿನ ಬ್ಲೇಡು ಹಲ್ಲಿಯ ನಾಲಗೆಯಂತೆ ಹೊರಗೆ ಒಳಗೆ ಹೊರಗೆ ಒಳಗೆ ಆಡುತ್ತಿತ್ತು. ಮೂರನೆಯದು ಬ್ಯಾಂಡ್ ಸಾ. ಬಳೆಯಂಥ ಬ್ಲೇಡು ಎರಡು ಚಕ್ರಗಳ ಮೇಲೆ ಸುತ್ತುತ್ತ, ಹೊಲಿಗೆ ಮಷಿನ್ನಿಗೂ ಮೊಸಳೆಗೂ ಹುಟ್ಟಿದ ಕೂಸಿನ ಹಾಗೆ ಕಾಣುತ್ತಿತ್ತು.

"ನೋಡಿ ಭಾಯ್, ಈ ಮೂತಿದು ಯಾವ ಸಂದಿಲಿ ಬೇಕಾದ್ರೂ ನುಗ್ತದೆ. ಆದ್ರೆ ನಡುಗಿಸ್ತದೆ. ಬ್ಯಾಂಡು ಬೆಣ್ಣೆ ಕುಯ್ದಂಗೆ, ಆವಾಜೇ ಇಲ್ಲ. ಆದ್ರೆ ಪೈಪ್ ಹಿಂದೆ ಒಂದು ಅಂಗೈ ಜಾಗ ಬೇಕು."

"ನನ್ನ ಡಕ್ಟಲ್ಲಿ ಪೈಪಿಗೂ ಗೋಡೆಗೂ ಎರಡೇ ಬೆರಳು ಜಾಗ. ಪೈಪೋ, ಕೆಮ್ಮಿದ್ರೆ ಉದುರೋ ಹಂಗಿದೆ."

"ಅಂಗಾದ್ರೆ ಎರಡೂ ತಗೊಂಡ್ಹೋಗಿ. ಮನೇಲಿ ಟ್ರಯಲ್ ನೋಡಿ, ಒಂದು ಇಟ್ಕೊಳ್ಳಿ, ಒಂದು ವಾಪಸ್ ಕೊಡಿ. ಎರಡಕ್ಕೂ ಒಂದೇ ಬ್ಯಾಟರಿ ಕೂರ್ತದೆ. ಚಾರ್ಜ್ ಆಗಿರೋದು ಇವತ್ತು ನನ್ನ ಹತ್ರ ಇದೊಂದೇ. ಬೇರೆ ಬ್ಯಾಟರಿ, ಚಾರ್ಜರ್ ಎಲ್ಲ ನಾಳೆ ಬರ್ತದೆ." ಬ್ಯಾಟರಿಯ ಬೆನ್ನಿನ ಗುಂಡಿ ಒತ್ತಿದಾಗ ನಾಲ್ಕು ಹಸಿರು ದೀಪ ಹತ್ತಿದವು. "ನಾಲ್ಕು ದೀಪ. ಅರವತ್ತು ಪೈಪ್ ಗ್ಯಾರಂಟಿ."

ಕೌಂಟರಿನ ಪಕ್ಕದಲ್ಲೊಂದು ನೀಲಿ ಬಕೆಟ್ಟು. ಹಳೆಯ ಸಾಮಾನು ಅದಕ್ಕೆ ಹಾಕಿದರೆ ಒಂದು ಪ್ಯಾಕೆಟ್ ಬ್ಲೇಡು ಪುಕ್ಕಟೆ. ಮುನಿರಾಜಪ್ಪನಿಗೆ ಏನನ್ನಿಸಿತೋ, ಚೀಲದಿಂದ ತನ್ನ ಹ್ಯಾಕ್ಸಾ ತೆಗೆದ. ಇಪ್ಪತ್ತಾರು ವರ್ಷದ ಕೈ ಗರಗಸ. ಹಿಡಿ ಅಂಗೈ ಕೊರೆಯುತ್ತದೆಂದು ಹೆಂಡತಿ ತನ್ನ ಸೀರೆಯ ತುಂಡೊಂದನ್ನು ಬಿಗಿಯಾಗಿ ಸುತ್ತಿ ಹೊಲಿದಿದ್ದಳು. ಹಸಿರು ಬಟ್ಟೆ, ಹಳದಿ ಚುಕ್ಕೆ.

"ಪಕ್ಕಾನಾ ರಾಜಣ್ಣ?" ಎಂದ ಫೈಸಲ್.

"ಇನ್ನು ಇದ್ಯಾಕೆ ಬಿಡು" ಎಂದ ಮುನಿರಾಜಪ್ಪ. ಹ್ಯಾಕ್ಸಾ ಟಣ್ಣೆಂದು ಬಕೆಟ್ಟಿಗೆ ಬಿತ್ತು.

ಮರ್ಫಿ ಟೌನಿನ ಅವನ ವಠಾರದಲ್ಲಿ ಐದೇ ಮನೆ, ಆದರೆ ಸುದ್ದಿಗೆ ಐವತ್ತು ಬಾಗಿಲು. ಸ್ಕೂಟರಿನಿಂದ ಎರಡು ಪೆಟ್ಟಿಗೆ ಇಳಿಯುವ ಹೊತ್ತಿಗೆ ನಾಲ್ಕನೇ ಮನೆಯ ವೆಂಕಟಸ್ವಾಮಿ ಬನಿಯನ್ನಿನಲ್ಲೇ ಹಾಜರಾಗಿದ್ದರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರಾಗಿ ರಿಟೈರಾದವರು. ಆ ಮೇಲೆ ಕೈ ಸುಮ್ಮನಾಗಿತ್ತು, ಬಾಯಿ ಆಗಿರಲಿಲ್ಲ.

"ಬ್ಯಾಂಡೇ ಇಟ್ಕೋ. ಕಣ್ಣು ಮುಚ್ಚಿ ಇಟ್ಕೋ. ನಮ್ಮ ಶಾಪಲ್ಲಿದ್ದ ಬ್ಯಾಂಡು ಗೋಡೆ ಎತ್ತರ ಇತ್ತು."

"ಎರಡು ಬೆರಳು ಜಾಗದಲ್ಲಿ ಅದು ತೂರಲ್ಲ ಸ್ವಾಮಣ್ಣ."

"ಗೋಡೆ ಒಡಿ!"

ಅಷ್ಟರಲ್ಲಿ ಹೆಂಡತಿ ಮುನಿಲಕ್ಷ್ಮಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. "ಹೊಸಾ ಆಯುಧ, ಪೂಜೆ ಇಲ್ದೆ ಮುಟ್ತಾರೇನ್ರೀ?" ಎಂದು ಎರಡೂ ಮಷಿನ್ನಿಗೆ ಮೂರು ಮೂರು ಬೊಟ್ಟಿಟ್ಟು, ಮೂತಿಯದರ ಕುತ್ತಿಗೆಗೆ ಒಂದು ಮೊಳ ಮಲ್ಲಿಗೆ ಸುತ್ತಿದಳು. ಆಮೇಲೆ ಸುತ್ತ ಕಣ್ಣಾಡಿಸಿದಳು. "ಹಳೇದನ್ನೂ ತನ್ನಿ, ಪಕ್ಕದಲ್ಲಿಡಾಣ. ಇಷ್ಟು ವರ್ಷ ಅನ್ನ ಹಾಕೈತೆ."

ಮುನಿರಾಜಪ್ಪ ಆಕಾಶ ನೋಡಿದ.

"ಎಲ್ರೀ?"

"ಅಂಗಡೀಲಿ... ಬಕೆಟ್ಟಲ್ಲಿ ಹಾಕ್‌ಬಂದೆ."

"ನಮ್ಮ ಮದ್ವೆ ಸೀರೆ ಕಣ್ರೀ ಅದು!" ಎಂದಳು ಮುನಿಲಕ್ಷ್ಮಮ್ಮ. ಆಮೇಲೆ ಸಂಜೆಯವರೆಗೆ ಗಂಡನ ಜೊತೆ ಮಾತಾಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಪಾತ್ರೆಗಳ ಮೂಲಕ ಹೇಳಿದಳು.

ಟ್ರಯಲ್ ಶುರುವಾಯಿತು. ಗುಂಡಿ ಒತ್ತಿದ್ದೇ ತಡ, ಮಲ್ಲಿಗೆ ಹಾರ ಬ್ಲೇಡಿಗೆ ಸಿಕ್ಕಿ ಚಿಂದಿಯಾಗಿ ವೆಂಕಟಸ್ವಾಮಿಯ ಬೋಳುತಲೆಯ ಮೇಲೆ ಅಕ್ಷತೆಯಂತೆ ಉದುರಿತು. ಹಳೆಯ ಪೈಪಿನ ತುಂಡೊಂದು ಹತ್ತು ಎಣಿಸುವಷ್ಟರಲ್ಲಿ ಎರಡಾಯಿತು. ವಠಾರ ಚಪ್ಪಾಳೆ ತಟ್ಟಿತು. ತಟ್ಟಿದ ಕೈಗಳೆಲ್ಲ ಒಂದೊಂದಾಗಿ ಮುಂದೆ ಬಂದವು. "ಒಂದ್ಸಲ ನಂಗೆ ಕೊಡಿ." ಗುರ್ರ್. "ನಂಗೂ." ಗುರ್ರ್.

ಎದುರುಮನೆಯ ಇಮಾಮ್ ಬೀ ಒಂದು ಟ್ರಂಕು ಎಳೆದುಕೊಂಡು ಬಂದಳು. "ರಾಜಣ್ಣ, ಇದ್ರ ಚಾವಿ ಕಳ್ದು ಹನ್ನೊಂದು ವರ್ಸ ಆಯ್ತು. ಒಂದೇ ಒಂದು ಬೀಗ ಕಣಪ್ಪಾ."

"ಟ್ರಯಲ್ ಇದೆ ಇಮಾಮಕ್ಕ, ಸಂಜೆ ಕೆಲಸ..."

"ಇದೂ ಟ್ರಯಲ್ಲೇ ಅಲ್ವಾ?"

ಬೀಗ ಗಟ್ಟಿ ಪಿಂಡ. ಬ್ಯಾಂಡಿನಲ್ಲಿ ಸ್ವಲ್ಪ, ಮೂತಿಯದರಲ್ಲಿ ಸ್ವಲ್ಪ ಕೊಯ್ದು ಕೊನೆಗೆ ಕಿತ್ತು ಬಂತು. ಎಲ್ಲರೂ ಬಗ್ಗಿ ನೋಡಿದರು. ಎರಡು ರಜಾಯಿ, ಅದರ ಮೇಲೆ, ಕಣ್ಣಿಗೆ ಹೊಡೆಯುವ ಹಾಗೆ, ಆ ಬೀಗದ ಚಾವಿ. "ಹಾಯ್ ಅಲ್ಲಾ, ಒಳ್ಗೆ ಇಟ್ಟು ಬೀಗ ಒತ್ಬಿಟ್ಟೆ ಕಾಣ್ತದೆ!" ಎಂದು ಇಮಾಮ್ ಬೀ ಚಾವಿಯನ್ನು ಭದ್ರವಾಗಿ ಸೆರಗಿಗೆ ಕಟ್ಟಿಕೊಂಡಳು. ಬೀಗವಂತೂ ಇನ್ನಿರಲಿಲ್ಲ.

ಮುನಿರಾಜಪ್ಪ ಬ್ಯಾಟರಿ ಒತ್ತಿ ನೋಡಿದ. ಮೂರು ದೀಪ.

"ಸಾಕು, ಎತ್ತಿಡ್ತೀನಿ."

"ತಾಳು!" ವೆಂಕಟಸ್ವಾಮಿ ಮನೆಯೊಳಗಿಂದ ಒಂದು ಕಬ್ಬಿಣದ ಸರಳು ಹೊತ್ತು ತಂದರು. ವರ್ಷಗಟ್ಟಲೆ ಅವರ ಬಾಗಿಲಿಗೆ ಅಡ್ಡ ಇಡುತ್ತಿದ್ದದ್ದು. "ಜರ್ಮನ್ ಸ್ಟೀಲು. ಮೂವತ್ತು ವರ್ಷದಲ್ಲಿ ಇದನ್ನ ಕುಯ್ದ ಗಂಡಸು ನಮ್ಮ ಶಾಪಲ್ಲಿ ಹುಟ್ಟಲಿಲ್ಲ. ಇದನ್ನ ಯಾವುದು ಕುಯ್ಯುತ್ತೋ ಅದೇ ನಿನ್ನ ಮಷಿನ್ನು. ಮೊದ್ಲು ಬ್ಯಾಂಡ್ ಹಾಕು."

"ನಾನು ಕುಯ್ಯೋದು ಪೈಪು ಸ್ವಾಮಣ್ಣ, ಪೈಪಲ್ಲಿ ನಡುವೆ ತೂತಿರುತ್ತೆ!"

"ಹೆದರ್ಕೊಂಡ ಅಂತ ಬರಿ" ಎಂದರು ವೆಂಕಟಸ್ವಾಮಿ, ಯಾರಿಗೋ ಡಿಕ್ಟೇಷನ್ ಕೊಡುವವರಂತೆ.

ಇಡೀ ವಠಾರ ನೋಡುತ್ತಿತ್ತು. ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದೂ ನಿಂತಿತ್ತು. ಆ ನಿಶ್ಶಬ್ದಕ್ಕೆ ಮುನಿರಾಜಪ್ಪ ಸೋತ. ಬ್ಯಾಂಡು ಕಿರುಚಿತು, ಮೂತಿಯದು ಕೆಮ್ಮಿತು, ಕಿಡಿ ಹಾರಿತು, ಎರಡು ಬ್ಲೇಡು ಬೋಳಾದವು. ಸರಳಿನ ಮೇಲೆ ಉಗುರಿನಲ್ಲಿ ಗೀರಿದಷ್ಟು ಗುರುತು ಬಿತ್ತು.

"ನೋಡಿದ್ಯಾ? ಜರ್ಮನ್" ಎಂದು ವೆಂಕಟಸ್ವಾಮಿ, ಗೆದ್ದ ಪೈಲ್ವಾನನ ಮೈ ಒರೆಸುವಂತೆ ಸರಳನ್ನು ಟವೆಲಿನಿಂದ ಒರೆಸಿದರು.

ಗಂಟೆ ನಾಲ್ಕಾಗಿತ್ತು. ಆಯ್ಕೆಯೇನೋ ಮುಗಿದಿತ್ತು: ಎರಡು ಬೆರಳಿನ ಸಂದಿಗೆ ಮೂತಿಯದೇ ಸರಿ. ಇಪ್ಪತ್ತಾರು ವರ್ಷದ ಕಸುಬುದಾರ ಮಾಡಿದ ಆಯ್ಕೆ, ಅದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹೊಸ ಬ್ಲೇಡು ಸಿಕ್ಕಿಸಿ ಬ್ಯಾಟರಿ ಒತ್ತಿದ. ಒಂದು ದೀಪ.

"ಒಂದು ಸಾಕು" ಎಂದು ವೆಂಕಟಸ್ವಾಮಿ ಅಂಗಿ ತೊಟ್ಟುಕೊಂಡು ಸ್ಕೂಟರಿನ ಹಿಂದೆ ಹತ್ತಿಯೇಬಿಟ್ಟರು. "ನನ್ನ ಫೋನು ಒಂದು ಕಡ್ಡಿ ಇದ್ರೂ ಎರಡು ಗಂಟೆ ಬರುತ್ತೆ." ತೊಡೆಯ ಮೇಲೆ ಬ್ಯಾಂಡ್ ಸಾ ಕೂರಿಸಿಕೊಂಡಿದ್ದರು; ಅವರಿನ್ನೂ ಒಪ್ಪಿರಲಿಲ್ಲ.

ಐದಕ್ಕೆ ಸರಿಯಾಗಿ ಡಕ್ಟಿನ ಮುಂದೆ ಬಸವಪ್ರಭು ನಿಂತಿದ್ದ. ಸುನೀಲ ಇನ್ನೂ ಬಂದಿರಲಿಲ್ಲ. ಮುನಿರಾಜಪ್ಪ ಮನಸ್ಸಿನಲ್ಲೇ ಕೈಮುಗಿದು, ಮೇಲಿನ ವಾಲ್ವ್ ಮುಚ್ಚಿ, ಬ್ಲೇಡನ್ನು ಪೈಪಿಗಿಟ್ಟು ಗುಂಡಿ ಒತ್ತಿದ.

ಗುರ್ರ್ರ್ರ್! ಪೈಪು ನಡುಗಿತು. ಒಂದೇ ಪೈಪಲ್ಲ, ನಾಲ್ಕೂ ಮಹಡಿಯ ಪೈಪುಗಳು ಒಟ್ಟಿಗೆ, ಚಳಿಜ್ವರ ಬಂದವರಂತೆ ಹಲ್ಲು ಕಟಕಟಿಸಿದವು. ಮೇಲಿಂದ ತುಕ್ಕಿನ ಮಳೆ. ಆದರೆ ಬ್ಲೇಡು ಇಳಿಯುತ್ತಿತ್ತು! "ವಾರೆವ್ಹಾ!" ಎಂದ ಬಸವಪ್ರಭು. ಅರ್ಧ ಪೈಪು ಮುಗಿಯಿತು. ಮುನಿರಾಜಪ್ಪನ ಕಣ್ಣಲ್ಲಿ ಇಡೀ ಬಿಲ್ಡಿಂಗು ಹೊಳೆಯಿತು.

ಆಗ ಗುರ್ರ್ ಎನ್ನುವುದು ಗುರ್ ಆಯಿತು, ಗುರ್ ಎನ್ನುವುದು ಗು ಆಯಿತು, ಆಮೇಲೆ ಏನೂ ಇಲ್ಲ. ಬ್ಲೇಡು ಪೈಪಿನ ಹೊಟ್ಟೆಯಲ್ಲಿ ಕಚ್ಚಿಕೊಂಡಿತು. ಕೈ ಬಿಟ್ಟರೆ ಮಷಿನ್ನು ಅಲ್ಲೇ ಬಾವಲಿಯಂತೆ ನೇತಾಡಿತು.

"ಯಾರಪಾ ಅಂವಾ, ಭೂಮಿ ನಡಗಸಾಂವಾ?" ಮೊದಲ ಮಹಡಿಯಿಂದ ಬಸವಪ್ರಭುವಿನ ತಾಯಿ ಕಮಲವ್ವ ಹೆಗಲು ನೀವಿಕೊಳ್ಳುತ್ತ ಇಳಿದುಬಂದರು. "ಅಡಗಿಮನಿ ಫಳಿ ಮ್ಯಾಲಿನ ತಂಬಿಗಿ ಬಂದು ನನ್ನ ಹೆಗಲ ಮ್ಯಾಲ ಕುಂತೈತಿ. ಪ್ರಭು, ಇದ ಮಷಿನ್ ನಾಕ್ ದಿನ ನಡೀತೈತಂದ್ರ ನಾ ಇವತ್ತ ರಾತ್ರಿ ಬಸ್ಸಿಗೆ ಊರಿಗೆ ಹೊಕ್ಕೇನಿ!"

ಅದೇ ಹೊತ್ತಿಗೆ ಗೇಟಿನಲ್ಲಿ ಬೈಕು ನಿಂತಿತು. ಮಷಿನ್ ಸುನೀಲ ಇಳಿದ. ಡಿಕ್ಕಿ ಇಲ್ಲ, ಪೆಟ್ಟಿಗೆ ಇಲ್ಲ, ಬಗಲಲ್ಲಿ ಒಂದು ಬಟ್ಟೆ ಚೀಲ ಅಷ್ಟೆ. ಮುಖ ಸಪ್ಪಗಿತ್ತು.

"ಸಾರಿ ಸಾರ್. ಬೆಳಗ್ಗೆ ನನ್ನ ಮಷಿನ್ ಬ್ಯಾಟರಿ ಕೈ ಕೊಡ್ತು. ಶಿವಾಜಿನಗರಕ್ಕೆ ಓಡಿದ್ರೆ, ಇದ್ದ ಒಂದೇ ಒಂದು ಬ್ಯಾಟರೀನ ಯಾರೋ ಪುಣ್ಯಾತ್ಮ ಆಗಲೇ ತಗೊಂಡು ಹೋಗ್ಬಿಟ್ಟಿದ್ನಂತೆ. ಕೊನೆಗೆ ಅಂಗಡಿ ಬಕೆಟ್ಟಲ್ಲಿ ಇದೊಂದು ಬಿದ್ದಿತ್ತು, ತಂದೆ." ಚೀಲದೊಳಗೆ ಕೈ ಹಾಕಿ ಒಂದು ಹ್ಯಾಕ್ಸಾ ತೆಗೆದ.

ಹಿಡಿಗೆ ಹಸಿರು ಬಟ್ಟೆ. ಹಳದಿ ಚುಕ್ಕೆ.

ಮುನಿರಾಜಪ್ಪನ ಕೈ ತಾನಾಗಿ ಮುಂದೆ ಹೋಯಿತು, ಹಿಂದೆ ಬಂತು. ವೆಂಕಟಸ್ವಾಮಿ ಬ್ಯಾಂಡ್ ಸಾವನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಸುನೀಲ, ನೇತಾಡುತ್ತಿದ್ದ ಮಷಿನ್ನಿಗಿಂತ ಒಂದು ಗೇಣು ಮೇಲೆ ಬ್ಲೇಡಿಟ್ಟು ಕೊಯ್ಯತೊಡಗಿದ. ಸರ್... ಸರ್... ಸರ್... ತುಕ್ಕು ಉದುರಲಿಲ್ಲ, ತಂಬಿಗೆ ಬೀಳಲಿಲ್ಲ. ಸುನೀಲನಿಗೇ ಆಶ್ಚರ್ಯ.

"ಏನ್ ಐಟಂ ಸಾರ್ ಇದು! ಯಾರೋ ದೊಡ್ಡ ಕೆಲಸಗಾರನ ಕೈಲಿ ಪಳಗಿದೆ. ನಾನು ಬರೀ ಹಿಡ್ಕೊಂಡಿದೀನಿ, ಅದೇ ಓಡ್ತಿದೆ."

"ಹಿಂಗಿರಬೇಕ್ ನೋಡು ಕೆಲಸ ಅಂದ್ರ!" ಕಮಲವ್ವ ಮೆಟ್ಟಿಲ ಮೇಲೆ ಸುಖವಾಗಿ ಕೂತರು. "ಸಪ್ಪಳಿಲ್ಲ, ಧೂಳಿಲ್ಲ. ಮೆಲ್ಲಕ ಆದ್ರೂ ಅಡ್ಡಿ ಇಲ್ಲ ಪ್ರಭು, ಇವಂಗ ಕೊಡು."

ತಾಯಿಯ ಮಾತಿಗೆ ಅಪೀಲಿರಲಿಲ್ಲ. ಬಸವಪ್ರಭು ಮುನಿರಾಜಪ್ಪನ ಹತ್ತಿರ ಬಂದು, ಪಾಪ, ಮೆತ್ತಗೆ ಹೇಳಿದ: "ಬ್ಯಾಸರಾ ಮಾಡ್ಕೋಬ್ಯಾಡ್ರಿ. ಮಷಿನ್ ಗಿಷಿನ್ ಬಿಟ್ಟು ನೀವೂ ಅಂಥಾದ್ದೊಂದು ಹಳೇದು ತೊಗೋರಲಾ. ಎಷ್ಟ್ ಛಲೋ ಐತಿ ನೋಡ್ರಿ."

"ಎಲ್ಲಿ ಸಿಗುತ್ತೆ ಸಾರ್ ಅಂಥದ್ದು" ಎಂದ ಮುನಿರಾಜಪ್ಪ.

"ಅಂಗಡೀಲಿ ಇದೊಂದೇ ಇತ್ತಣ್ಣ" ಎಂದ ಸುನೀಲ, ಕೊಯ್ಯುತ್ತಲೇ. "ಅಣ್ಣಾ, ಬೇಜಾರಿಲ್ಲ ಅಂದ್ರೆ, ಪೈಪ್ ಬೀಳುತ್ತೆ. ಆ ಕಡೆ ಒಂಚೂರು ಹಿಡ್ಕೊಳ್ತೀರಾ?"

ಮುನಿರಾಜಪ್ಪ ಮುಂದೆ ಬಂದು ಎರಡು ಕೈಯಲ್ಲೂ ಪೈಪು ಹಿಡಿದುಕೊಂಡ. ಹಸಿರು ಬಟ್ಟೆ ಅವನ ಮೂಗಿನ ಮುಂದೆ ಹೋಗಿ ಬರುತ್ತಿತ್ತು. ಹಿಂದೆ ನಿಂತಿದ್ದ ವೆಂಕಟಸ್ವಾಮಿ, ಸುಮ್ಮನಿರಲಾರದೆ, ನೇತಾಡುತ್ತಿದ್ದ ಮಷಿನ್ನಿನ ಗುಂಡಿಯನ್ನು ಬೆರಳಲ್ಲಿ ಒತ್ತಿದರು. ಇಷ್ಟು ಹೊತ್ತು ದಣಿವಾರಿಸಿಕೊಂಡಿದ್ದ ಬ್ಯಾಟರಿ ಒಮ್ಮೆ ಗುರ್ರ್ ಎಂದು, ಇದ್ದ ಒಂದು ದೀಪವನ್ನೂ ಆರಿಸಿಕೊಂಡಿತು. ಮೇಲಿನ ಮಹಡಿಯಲ್ಲೆಲ್ಲೋ ಒಂದು ತಂಬಿಗೆ ಬಿತ್ತು.