ಹನ್ನೊಂದು ಇಂಚಿನ ನವಮಿ

ತೊಂದರೆ ಶುರುವಾದದ್ದು ಮೂರು ತುಂಡು ರಟ್ಟಿನಿಂದ.

ಗುರುಚರಣರಾಯರು ಚೆನ್ನೈನ ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಮರದ ಅಚ್ಚು ಮಾಡಿದವರು. ಎರಕ ಹೊಯ್ಯುವ ಮುಂಚೆ ಅದೇ ಆಕಾರದ ಮರದ ಮಾದರಿ ಸಿದ್ಧವಾಗಬೇಕು. ಅದನ್ನು ಹಿಡಿದು, ತಿರುಗಿಸಿ, ತಟ್ಟಿ ನೋಡಿದ ಮೇಲೆಯೇ ಕಬ್ಬಿಣದ ಮಾತು. ನಿವೃತ್ತರಾಗಿ ಎರಡು ವರ್ಷವಾದರೂ ಆ ಚಾಳಿ ಬಿಟ್ಟಿರಲಿಲ್ಲ. ಮನೆಗೆ ಸೋಫಾ ತರುವ ಮುಂಚೆ ಅಷ್ಟೇ ಅಳತೆಗೆ ಹಳೆಯ ಪೆಟ್ಟಿಗೆಗಳನ್ನು ಜೋಡಿಸಿ ಒಂದು ವಾರ ಅದರ ಮೇಲೆ ಕೂತಿದ್ದರು. ಬಂದ ನೆಂಟರನ್ನೂ ಕೂರಿಸಿದ್ದರು.

ಈಗ ಅವರಿಗೊಂದು ಟ್ಯಾಬ್ಲೆಟ್ ಬೇಕಾಗಿತ್ತು. ಎಂಟು ಇಂಚಿನದೋ, ಹನ್ನೊಂದರದೋ, ಹದಿಮೂರರದೋ? ಮೂರು ಅಳತೆಗೂ ರಟ್ಟು ಕತ್ತರಿಸಿ, ಕಪ್ಪು ಬಣ್ಣ ಬಳಿದು, ರಾತ್ರಿಯಿಡೀ ಹಾಲಿನಲ್ಲಿ ಒಣಗಲು ಬಿಟ್ಟಿದ್ದರು. ಬೆಳಿಗ್ಗೆ ಎತ್ತಿ ನೋಡಿದರೆ ಮಧ್ಯದ ರಟ್ಟು ಮಾತ್ರ ಕೈಗೆ ಬೆಚ್ಚಗಿತ್ತು. ಈಗತಾನೇ ಯಾರೋ ಮಡಿಲಿನಿಂದ ಇಳಿಸಿಟ್ಟ ಹಾಗೆ. ರಾಯರು ಕಿಟಕಿಯ ಕಡೆ ನೋಡಿದರು. ಬಿಸಿಲು ಇನ್ನೂ ಒಳಗೆ ಬಂದಿರಲಿಲ್ಲ.

ಅವಸರಕ್ಕೆ ಕಾರಣವಿತ್ತು. ಮೂರನೆಯ ಮಹಡಿಯ ಮಧುಸೂದನ್ ಮಣಲಿಯ ಒಂದು ಎರಕದ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಅಚ್ಚಿನ ನಕ್ಷೆಗಳನ್ನು ಮನೆಯಲ್ಲೇ ಕೂತು ತಿದ್ದಿಕೊಡಲು ಅಲ್ಲಿಯ ಮಾಲೀಕರಿಗೆ ಅನುಭವಸ್ಥರೊಬ್ಬರು ಬೇಕಾಗಿದ್ದರು. ಅಂದೇ ಸಂಜೆ ಐದಕ್ಕೆ ವಿಡಿಯೋದಲ್ಲಿ ಮಾತಾಡಿಸುತ್ತಾರೆ, ಒಂದು ನಕ್ಷೆ ತೋರಿಸುತ್ತಾರೆ, ತಪ್ಪು ಹಿಡಿದರೆ ನಾಳೆಯಿಂದಲೇ ಕೆಲಸ. ಎರಡು ವರ್ಷದಿಂದ ಕೊತ್ತಂಬರಿ ಸೊಪ್ಪಿನ ಬಗ್ಗೆ ಬಿಟ್ಟರೆ ಬೇರೆ ಯಾವುದರ ಬಗ್ಗೆಯೂ ರಾಯರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಆದರೆ ಅವರ ಫೋನಿನಲ್ಲಿ ನಕ್ಷೆ ತೆರೆದರೆ ಅಂಕಿಗಳು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಿದ್ದವು.

ಮೂರು ರಟ್ಟನ್ನೂ ಕಂಕುಳಲ್ಲಿಟ್ಟುಕೊಂಡು ರಾಯರು ಮೂಲೆಯ ಐತಪ್ಪನ ಹೋಟೆಲಿಗೆ ಹೋದರು. ಕಾಫಿ ಕುಡಿಯುತ್ತಾ ಒಂದೊಂದನ್ನೂ ಮೇಜಿನ ಮೇಲೆ ನಿಲ್ಲಿಸಿ, ಬೆರಳಿನಿಂದ ಸವರಿ, ಕುತ್ತಿಗೆ ಎಷ್ಟು ಬಾಗುತ್ತದೆ ಎಂದು ನೋಡಿದರು. ಎದುರಿನ ಗಿರಾಕಿ ತನ್ನ ಪೊಂಗಲ್ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ.

ಐತಪ್ಪ ಬಂದು ಮೆಲ್ಲಗೆ ಕೇಳಿದ. "ಎಂತ ರಾಯ್ರೇ, ಚಾರ್ಜ್ ಖಾಲಿಯಾ?"

"ರಟ್ಟು ಕಣಯ್ಯ ಅದು. ಸೈಜ್ ನೋಡ್ತಿದೀನಿ."

"ಹೌದಾ? ಚಂದ ಉಂಟು ಮಾರ್ರೆ. ನಮ್ಮಲ್ಲಿ ಆರ್ಡರ್ ತಗೊಳ್ಳುದು ಹತ್ತು ಇಂಚಿಂದು. ಅದಕ್ಕಿಂತ ದೊಡ್ಡದು ತರ್ಬೇಡಿ, ಸಪ್ಲೈಯರ್‌ಗಳು ಅದರ ಮೇಲೆಯೇ ವಡೆ ಇಟ್ಕೊಂಡು ಬರ್ತಾರೆ." ಹೀಗೆಂದು, ನಗುತ್ತಿದ್ದ ಇಬ್ಬರಿಗೆ ರಾಯರು ಕಾಣದಂತೆ ಅಡ್ಡ ನಿಂತು ಮೇಜು ಒರೆಸಿದ. ಒರೆಸಿದ್ದನ್ನೇ ನಾಲ್ಕು ಸಲ ಒರೆಸಿದ.

ಮನೆಗೆ ಬಂದು ರಾಯರು ಹಾಸಿಗೆಯ ಪರೀಕ್ಷೆ ನಡೆಸಿದರು. ಹದಿಮೂರು ಇಂಚು ಕೈಜಾರಿ ಮೂಗಿನ ಮೇಲೆ ಬಿತ್ತು. ಅದು ರಟ್ಟಾದದ್ದು ಮೂಗಿನ ಪುಣ್ಯ. ಎಂಟು ಇಂಚು ಹಗುರ, ಆದರೆ ಅದರಲ್ಲಿ ನಕ್ಷೆ ನೋಡುವುದೆಂದರೆ ಕೀಲಿಯ ತೂತಿನಿಂದ ಮದುವೆ ನೋಡಿದ ಹಾಗೆ. ಹನ್ನೊಂದು ಇಂಚು ಪಾರಾಯಣದ ವ್ಯಾಸಪೀಠದ ಮೇಲೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಶ್ರೀಪ್ರಿಯಾ, ಹನ್ನೊಂದು! ಪುರಸೈವಾಕ್ಕಂಗೆ ಹೋಗಿ ತಂದುಬಿಡ್ತೀನಿ."

ಅಡುಗೆಮನೆಯಲ್ಲಿ ಹೆಂಡತಿಯ ಸೌಟು ನಿಂತಿತು. "ಪಿತೃಪಕ್ಷದಲ್ಲಿ ಹೊಸ ಸಾಮಾನಾ? ಅದೂ ಇವತ್ತು ಅವಿಧವಾ ನವಮಿ, ಮುತ್ತೈದೆಯರಾಗಿ ಹೋದವರ ದಿನ! ನಿಮ್ಮಮ್ಮನ ಹೆಸರಲ್ಲಿ ತುಂಗಾ ಮಾಮೀನ ಊಟಕ್ಕೆ ಕರೆದಿದೀನಿ. ಪಿತೃಗಳು ಮನೆಬಾಗಿಲಲ್ಲಿ ನಿಂತಿರೋ ಹೊತ್ತು ರೀ. ಹೊಸದು ಏನಿದ್ರೂ ಅಮಾವಾಸ್ಯೆ ಕಳೀಲಿ."

"ಹಳೇದಾದ್ರೆ?"

ಶ್ರೀಪ್ರಿಯಾ ಸ್ವಲ್ಪ ಯೋಚಿಸಿದರು. "ಹಳೇದಾದ್ರೆ ದೋಷ ಇಲ್ಲ."

ರಾಯರು ಮೂರನೆಯ ಮಹಡಿಗೆ ಓಡಿದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಮಧುಸೂದನ್ ಎದ್ದು, ಗೊಣಗದೆ, ಬೀರು ಹುಡುಕಿ ಒಂದು ಹಳೆಯ ಟ್ಯಾಬ್ಲೆಟ್ ತೆಗೆದುಕೊಟ್ಟ. "ನಮ್ಮ ಆಫೀಸ್‌ದು ಸಾರ್. ನಾಲ್ಕು ತಿಂಗಳ ಹಿಂದೆ ಮಾಲೀಕರು ನನ್ನ ಕೈಗೆ ಕೊಟ್ಟು, 'ಎಲ್ಲಾದ್ರೂ ತಗೊಂಡು ಹೋಗು, ವಾಪಸ್ ಮಾತ್ರ ತರ್ಬೇಡ' ಅಂದ್ರು. ಯಾಕೋ ಗೊತ್ತಿಲ್ಲ. ನಾನು ಆನ್ ಮಾಡೇ ಇಲ್ಲ." ಗಾಜಿನ ಮೇಲಿನ ದೂಳನ್ನು ತನ್ನ ಬನಿಯನ್ನಿನಿಂದಲೇ ಒರೆಸಿದ.

ರಾಯರು ಮಧ್ಯದ ರಟ್ಟನ್ನು ಅದರ ಮೇಲಿಟ್ಟು ನೋಡಿದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿರಲಿಲ್ಲ.

ಮನೆಯಲ್ಲಿ ಅದನ್ನು ವ್ಯಾಸಪೀಠದ ಮೇಲೆ ಚಾರ್ಜಿಗಿಟ್ಟು, ಬಾಗಿ ಕೂತು, ಅದರ ಕಪ್ಪು ಗಾಜಿನಲ್ಲಿ ತಮ್ಮ ಮುಖ ನೋಡುತ್ತಿದ್ದಾಗ ಗೋಡೆ ಗಡಿಯಾರ ಹನ್ನೊಂದು ಹೊಡೆಯಿತು. ಗಾಜು ಬೆಳಗಿತು. ಒಳಗಿನಿಂದ ಒಬ್ಬ ಮುದುಕಿಯ ದನಿ ಬಂತು.

"ಬೆನ್ನು ನೆಟ್ಟಗೆ ಮಾಡೋ. ಎಷ್ಟು ಸಲ ಹೇಳ್ಬೇಕು ನಿಂಗೆ?"

ರಾಯರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕೂದಲೂ ನೆಟ್ಟಗಾಯಿತು.

ಶ್ರೀಪ್ರಿಯಾ ಸೌಟು ಹಿಡಿದೇ ಬಂದರು. "ಯಾರ್ರೀ ಅದು?"

"ಇದು... ಇದರೊಳಗಿಂದ..."

ಶ್ರೀಪ್ರಿಯಾ ಗೋಡೆಯ ಮೇಲಿನ ಅತ್ತೆಯ ಫೋಟೋ ನೋಡಿದರು, ಟ್ಯಾಬ್ಲೆಟ್ ನೋಡಿದರು, ಸೆರಗು ಹೊದ್ದುಕೊಂಡರು. ಅವರು ಅತ್ತೆಯನ್ನು ಕಂಡವರಲ್ಲ. ರಾಯರ ಮದುವೆಗೆ ಮುಂಚೆಯೇ, ಹೆಚ್ಚುಕಡಿಮೆ ನಲವತ್ತು ವರ್ಷದ ಹಿಂದೆ, ಅರಿಶಿನ ಕುಂಕುಮದ ಸಮೇತ ಹೋದವರು ಅವರು. "ನಿಮ್ಮಮ್ಮನ ದನಿ ಹೀಗೇ ಇತ್ತಾ?"

ರಾಯರೂ ಫೋಟೋದ ಕಡೆ ತಿರುಗಿದರು. ಅಮ್ಮ ಪೆನ್ಸಿಲನ್ನು ಎರಡು ತುಂಡು ಮಾಡಿ, ಚಿಕ್ಕ ತುಂಡನ್ನು ತಮಗೆ ಕೊಟ್ಟು ದೊಡ್ಡದನ್ನು ಮುಂದಿನ ವರ್ಷಕ್ಕೆ ಎತ್ತಿಡುತ್ತಿದ್ದದ್ದು ನೆನಪಿತ್ತು. ತಮ್ಮನ್ನು 'ಕಿಟ್ಟು' ಎಂದು ಕರೆಯುತ್ತಿದ್ದದ್ದು ನೆನಪಿತ್ತು. ಆಕೆಯ ನಂತರ ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ, ಹೆಂಡತಿಗೂ ಅದು ಗೊತ್ತಿರಲಿಲ್ಲ. ದನಿ ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ.

"ಏನೋ ಅಲಾರಂ ಇರ್ಬೇಕು. ಆಫ್ ಮಾಡ್ತೀನಿ."

"ಕೈ ತೆಗೀರಿ! ನವಮಿ ದಿನ ಮನೆಗೆ ಬಂದವರ ಬಾಯಿ ಮುಚ್ಚಿಸ್ತಾರಾ?" ಶ್ರೀಪ್ರಿಯಾ ಟ್ಯಾಬ್ಲೆಟ್ಟಿನ ಅಂಚಿಗೆ ಕುಂಕುಮವಿಟ್ಟು ಒಂದು ಮೊಳ ಮಲ್ಲಿಗೆ ಮುಡಿಸಿದರು.

ಮಧ್ಯಾಹ್ನ ಒಂದು ಗಂಟೆ. ಬೀದಿಯಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬಾಲ್ಕನಿಯ ಕಟ್ಟೆಗೆ ಬಂದ ಕಾಗೆ ಇಟ್ಟ ಅನ್ನ ಮುಟ್ಟದೆ, ಕತ್ತು ಓರೆ ಮಾಡಿ ವ್ಯಾಸಪೀಠವನ್ನೇ ನೋಡುತ್ತಿತ್ತು. ಕೆಳಮನೆಯ ತುಂಗಾ ಮಾಮಿ ಹೊಸ ಕುಪ್ಪಸದ ಕಣ ಪಕ್ಕದಲ್ಲಿಟ್ಟುಕೊಂಡು ಎಲೆಯ ಮುಂದೆ ಕೂತಿದ್ದರು. ಮೂರನೆಯ ಸಲ ಪಾಯಸ ಬಡಿಸಲು ಶ್ರೀಪ್ರಿಯಾ ಬಾಗಿದರು. ಮಾಮಿ, "ಪೋದುಂ ಪೋದುಂ, ಸಾಕು" ಎನ್ನುತ್ತಲೇ ದೊನ್ನೆಯನ್ನು ಮುಂದೆ ತಳ್ಳಿದರು.

"ಸಿಹಿ ಸಾಕು! ಅದೇನು ಹೊಟ್ಟೇನೋ ಗೋಣಿಚೀಲಾನೋ? ಏಳು ಮೇಲೆ!"

ಮಾಮಿಯ ಕೈ ಅಲ್ಲೇ ನಿಂತಿತು. "ಅಯ್ಯಯ್ಯೋ, ನಮ್ಮತ್ತೆ!"

"ಇಲ್ಲ ಮಾಮಿ, ಅದು ನಮ್ಮತ್ತೆ" ಎಂದರು ಶ್ರೀಪ್ರಿಯಾ.

"ನಿಂಗೇನು ತೆರಿಯುಂ? ಮೂವತ್ತು ವರ್ಷ ಕೇಳಿದ ಕಿವಿ ಇದು. ಪಾಯಸ ಕಂಡ್ರೆ ಹೀಗೇ ಅಂತಿದ್ರು." ಮಾಮಿ ಟ್ಯಾಬ್ಲೆಟ್ಟಿಗೆ ಎಡಗೈಯಿಂದಲೇ ನಮಸ್ಕಾರ ಮಾಡಿ, ಅತ್ತೆ ಮನಸ್ಸು ಬದಲಿಸುವ ಮುಂಚೆ ಪಾಯಸ ಕುಡಿದು ಮುಗಿಸಿದರು.

ಮೂರು ಗಂಟೆಗೆ, ವ್ಯವಸ್ಥೆ ಸರಿಯಾಗಿದೆಯೇ ಎಂದು ನೋಡಲು ಮಧುಸೂದನ್ ನಿದ್ದೆಗಣ್ಣಿನಲ್ಲಿ ಇಳಿದು ಬಂದ. "ಮುಖ ತೊಳ್ಕೊ, ತಲೆ ಬಾಚ್ಕೊ. ಒಳ್ಳೆ ಪಿಶಾಚಿ ಹಾಗಿದೀಯ" ಎಂದಿತು ಟ್ಯಾಬ್ಲೆಟ್. ಮಧುಸೂದನ್ ನೇರವಾಗಿ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದ. ಅವನಿಗದು ಅವನ ಅಜ್ಜಿಯಂತೆ ಕೇಳಿಸಿತ್ತು.

ನಾಲ್ಕೂವರೆಯ ಹೊತ್ತಿಗೆ ಮನೆಯಲ್ಲಿ ಮೂವರು ಮೂರು ಮುದುಕಿಯರ ಪರವಾಗಿ ವಾದಿಸುತ್ತಿದ್ದರು. ರಾಯರು ಮಾತ್ರ ಯಾವ ಕಡೆಯೂ ಸೇರದೆ ಪ್ರತಿ ಗಂಟೆಯೂ ಕಿವಿಗೊಟ್ಟು ಕೂತಿದ್ದರು. ಎಲ್ಲರನ್ನೂ ಎಲ್ಲದಕ್ಕೂ ಬೈದ ದನಿ ಒಂದೇ ಒಂದು ಸಲ 'ಕಿಟ್ಟು' ಎಂದಿರಲಿಲ್ಲ.

ಐದಕ್ಕೆ ಸರಿಯಾಗಿ ಮಾಲೀಕ ರಾಮದಾಸ ತೆರೆಯ ಮೇಲೆ ಬಂದರು. ನಲವತ್ತೈದರ ಆಸುಪಾಸಿನ, ಸರಿಯಾಗಿ ನಿದ್ದೆ ಮಾಡದ ಮುಖ.

"ಏನ್ರೀ, ನೀವು ಕಾಣ್ತಿಲ್ಲ. ಬರೀ ಮಲ್ಲಿಗೆ ಕಾಣ್ತಿದೆ."

"ಕ್ಷಮಿಸಿ ಸಾರ್, ಇವತ್ತು ತೆಗೆಯೋ ಹಾಗಿಲ್ಲ."

ರಾಮದಾಸ ಹುಬ್ಬೇರಿಸಿ ನಕ್ಷೆ ತೆರೆದರು. ಹನ್ನೊಂದು ಇಂಚಿನಲ್ಲಿ ಪ್ರತಿ ಅಂಕಿಯೂ ನಿಚ್ಚಳವಾಗಿ ನಿಂತಿತು. ರಾಯರು ಇಪ್ಪತ್ತು ನಿಮಿಷ ನೋಡಿದರು. ಸುತ್ತ ಕುಂಕುಮ, ಮಲ್ಲಿಗೆ, ಮಾಮಿ ಎಲ್ಲ ಮರೆಯಾಗಿ ಹಳೆಯ ಕಾರ್ಖಾನೆಯ ಮರದ ಹೊಟ್ಟಿನ ವಾಸನೆ ಬಂದಂತಾಯಿತು.

"ಎರಕ ಆರಿದ ಮೇಲೆ ಕುಗ್ಗುತ್ತೆ ಸಾರ್. ಅಷ್ಟು ದೊಡ್ಡದಾಗಿ ಅಚ್ಚು ಮಾಡ್ಬೇಕು. ಮೂಲೆಯಲ್ಲಿ ಚಾಚಿರೋ ಈ ಕಿವಿಯ ಹತ್ರ ಆ ಲೆಕ್ಕ ಬಿಟ್ಟೇಬಿಟ್ಟಿದಾರೆ. ಹೀಗೇ ಹೊಯ್ದರೆ ಬೋಲ್ಟ್ ಕೂರಲ್ಲ."

ರಾಮದಾಸ ತೆರೆಯ ಹತ್ತಿರಕ್ಕೆ ಬಾಗಿದರು. "ಆರು ಜನ ಎಂಜಿನಿಯರುಗಳಿಗೆ ತೋರಿಸಿದೆ ರಾಯರೇ. ಒಬ್ಬರೂ ಹೇಳ್ಲಿಲ್ಲ. ನಾಳೆ ಬೆಳಿಗ್ಗೆಯಿಂದ ನೀವು..."

ಐದೂವರೆ ಆಯಿತು.

"ದಾಸಣ್ಣಾ, ಸಂಜೆಯಾಯ್ತು. ಇನ್ನು ಮನೆಗೆ ಹೋಗೋ. ಫ್ಯಾಕ್ಟರಿ ಎಲ್ಲೂ ಓಡಿ ಹೋಗಲ್ಲ."

ತೆರೆಯ ಮೇಲೆ ರಾಮದಾಸರ ಮುಖ ಬಿಳಿಚಿಕೊಂಡಿತು. ಅವರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. "ರಾಯರೇ, ಅದನ್ನ ಮುಟ್ಟಬೇಡಿ. ನಾನೇ ಬರ್ತೀನಿ."

ಏಳು ಗಂಟೆಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ರಾಮದಾಸ, ವ್ಯಾಸಪೀಠದ ಮುಂದೆ ಚಿಕ್ಕ ಹುಡುಗನಂತೆ ನೆಲದ ಮೇಲೆ ಕೂತರು. ಅಮ್ಮ ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಅಪ್ಪನ ಮಾತನ್ನು ಮಗ ಕೇಳುವವನಲ್ಲವೆಂದು, ದಿನದ ಯಾವ ಯಾವ ಹೊತ್ತಿಗೆ ಏನೇನು ಬೈಯಬೇಕೋ ಎಲ್ಲವನ್ನೂ ತಮ್ಮ ದನಿಯಲ್ಲೇ ಅಲಾರಂ ಮಾಡಿ ಅದರಲ್ಲಿ ತುಂಬಿಸಿಟ್ಟು ಹೋಗಿದ್ದರಂತೆ. ಹೋದ ಮೇಲೆ ಕೇಳಲಾಗದೆ ಮಗ ಅದನ್ನು ದಾಟಿಸಿದ್ದ. "ಇವತ್ತು ಅಮ್ಮನ ನವಮಿ ಅನ್ನೋದನ್ನೂ ಮರೆತಿದ್ದೆ. ಅವಳೇ ಕರೆಸ್ಕೊಂಡಳು" ಎಂದು ಕಣ್ಣೊರೆಸಿಕೊಂಡರು. ತುಂಗಾ ಮಾಮಿ ತಮ್ಮ ಅತ್ತೆಯ ಮೇಲಿನ ಹಕ್ಕು ಬಿಟ್ಟುಕೊಟ್ಟು, ಉಳಿದಿದ್ದ ಪಾಯಸ ತಂದು ಅವರ ಕೈಗಿಟ್ಟರು.

ಟ್ಯಾಬ್ಲೆಟ್ಟನ್ನು ಮಲ್ಲಿಗೆಯ ಸಮೇತ ಎದೆಗವಚಿಕೊಂಡು ಹೊರಟ ರಾಮದಾಸರನ್ನು ರಾಯರು ಹೊಸ್ತಿಲಲ್ಲಿ ತಡೆದರು. "ಸಾರ್, ನಾಳೆ ಬೆಳಿಗ್ಗೆಯಿಂದ ಅಂದಿದ್ರಿ..."

"ಛೆ ಛೆ, ಪಕ್ಷದಲ್ಲಿ ಯಾರಾದ್ರೂ ಹೊಸಬರನ್ನ ಕೆಲಸಕ್ಕೆ ತಗೋತಾರಾ? ಅಮ್ಮ ಕೇಳಿದ್ರೆ ಬೈತಾಳೆ. ಅಮಾವಾಸ್ಯೆ ಕಳೀಲಿ ರಾಯರೇ. ಅಷ್ಟರಲ್ಲಿ ಬೇರೆ ಯಾರೂ ಸಿಗದಿದ್ರೆ ನೋಡೋಣ."

ಶ್ರೀಪ್ರಿಯಾ ಮೆಚ್ಚಿಗೆಯಿಂದ ತಲೆದೂಗಿದರು. ಎಲ್ಲರೂ ಅವರನ್ನು ಕಳಿಸಿಕೊಡಲು ಮೆಟ್ಟಿಲಿಳಿದು ಹೋದರು.

ರಾಯರೊಬ್ಬರೇ ಉಳಿದರು. ಕೆಲಸವೂ ಇಲ್ಲ, ಟ್ಯಾಬ್ಲೆಟ್ಟೂ ಇಲ್ಲ, ಬೈದ ಅಮ್ಮನೂ ತಮ್ಮವಳಲ್ಲ. ಖಾಲಿಯಾದ ವ್ಯಾಸಪೀಠ ನೋಡಲಾಗದೆ ಹನ್ನೊಂದು ಇಂಚಿನ ರಟ್ಟನ್ನೇ ಅದರ ಮೇಲಿಟ್ಟು, ಬಾಗಿ ಕೂತು, ಸುಮ್ಮನೆ ಬೆರಳಾಡಿಸಿದರು.

ರಟ್ಟು ಇನ್ನೂ ಬೆಚ್ಚಗಿತ್ತು.

"ಕಿಟ್ಟು" ಎಂದಿತು ರಟ್ಟು.

ಫ್ಯಾನು ನಿಂತಿತ್ತು. ಬಾಲ್ಕನಿಯ ಕಟ್ಟೆಯ ಮೇಲಿನ ಅನ್ನ ಯಾವಾಗಲೋ ಖಾಲಿಯಾಗಿತ್ತು. ಇದೇ ದನಿ. ಹೌದು, ಇದೇ. ನಲವತ್ತು ವರ್ಷದಿಂದ ತಡಕುತ್ತಿದ್ದದ್ದು ಇದನ್ನೇ.

"ಅಮ್ಮಾ?"

"ಇಷ್ಟು ದೊಡ್ಡದು ಯಾಕೋ ನಿಂಗೆ?" ಎಂದಿತು ಅದು. "ಎಂಟು ಇಂಚಿಂದು ಸಾಕಿತ್ತು."