ಏಳು ಡಿಗ್ರಿ ಹೆಚ್ಚಾದ ಬಗ್ಗೆ ಶಾಖವಹನ ನಿಯಮಕ್ಕೊಂದು ಮನವಿ

ಪಠ್ಯಪುಸ್ತಕಗಳ ಖಾಯಂ ನಿವಾಸಿಗಳೂ, ದಪ್ಪ ವಸ್ತುಗಳ ಲೋಕಕ್ಕೆ ಏಕಚಕ್ರಾಧಿಪತಿಗಳೂ ಆದ ಹಳೆಯ ಶಾಖವಹನ ನಿಯಮದವರ ಸನ್ನಿಧಾನಕ್ಕೆ ಚಿಪ್ ವಿನ್ಯಾಸ ವಿಭಾಗದ ಎಂಜಿನಿಯರೊಬ್ಬನ ವಿನಯಪೂರ್ವಕ ವಂದನೆಗಳು.

ಮಾನ್ಯರೇ,

ಕಿವಿ ಕೇಳದವರಿಗಾಗಿ ಕಿವಿಯ ಹಿಂದೆ, ಚರ್ಮದೊಳಗೆ ಇಡಬೇಕಾದ ನಮ್ಮ ಹೊಸ ಚಿಪ್ ನಿನ್ನೆಯ ಪರೀಕ್ಷೆಯಲ್ಲೂ ಚರ್ಮ ಸುಡುವಂಥ ನಲವತ್ತಾರು ಡಿಗ್ರಿಗೆ ಏರಿತು. ತಮ್ಮ ಸೂತ್ರ ಮೂವತ್ತೊಂಬತ್ತಕ್ಕೆ ಮಾತು ಕೊಟ್ಟಿತ್ತು. ಇದನ್ನು ವರದಿ ಮಾಡಿದವರು ಅಳತೆ ವಿಭಾಗದ ಹಿರಿಯ ವಿಜ್ಞಾನಿ, ನಾವೆಲ್ಲ ಅಕ್ಕ ಎಂದು ಕರೆಯುವವರು.

ಅಳತೆ ತಮ್ಮ ಮಾತಿಗೆ ಹೊಂದದಿದ್ದರೆ ಅಳತೆಯ ಯಂತ್ರವನ್ನೇ ರಿಪೇರಿಗೆ ಕಳಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. "ನಿಯಮ ಎಲ್ಲಾದ್ರೂ ತಪ್ಪುತ್ತೇನಮ್ಮಾ? ಮೀಟರ್ ಕೆಟ್ಟಿರುತ್ತೆ," ಎಂದು ಮುಖ್ಯಸ್ಥರು ಅಪ್ಪಣೆ ಕೊಡಿಸಿದರು. "ಮೂರು ಸಲ ಹೋಗಿ ಬಂದಿದೆ ಸಾರ್, ಈಗ ಅದಕ್ಕೇ ದಾರಿ ಬಾಯಿಪಾಠ," ಎಂದರು ಅಕ್ಕ. ನಾಲ್ಕನೆಯ ಸಲವೂ ಹೋಯಿತು.

ತಮ್ಮ ಹಿರಿತನದ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ಬಾಣಲೆ, ಬಾಯ್ಲರ್, ಮನೆಯ ಗೋಡೆ ಇವುಗಳ ವಿಷಯದಲ್ಲಿ ತಾವು ಹೇಳಿದ್ದೇ ವೇದವಾಕ್ಯ. ಆದರೆ ಜಾಗ ಉಳಿಸಲೆಂದು ನಾವು ಚಿಪ್ಪಿನ ಶಾಖ ಹರಡುವ ಪದರವನ್ನು ಕೂದಲೆಳೆಯ ಸಾವಿರಾರು ಪಾಲಿನಲ್ಲೊಂದು ಪಾಲಿನಷ್ಟು ತೆಳುವಾಗಿಸಿದ ಮೇಲೂ, ಅದು ಬಾಣಲೆಯೇ ಎಂದು ಹಟ ಹಿಡಿಯುವ ತಮ್ಮ ಸ್ಥಿತಪ್ರಜ್ಞತೆಗೆ ಏನೆನ್ನಬೇಕೋ ತಿಳಿಯದು. ಅಲ್ಲಿ ಶಾಖ ಹೊಳೆಯಂತೆ ಹರಿಯುವುದಿಲ್ಲ, ಕಂಪನದ ಪುಟ್ಟ ಪುಟ್ಟ ಪೊಟ್ಟಣಗಳಾಗಿ ಹೊರಡುತ್ತದೆ, ನೆಟ್ಟಗೆ ನಾಲ್ಕು ಹೆಜ್ಜೆ ಇಡುವ ಮೊದಲೇ ಪದರದ ಅಂಚಿಗೆ ತಲೆ ಬಡಿದುಕೊಂಡು ಅಲ್ಲೇ ಗುಂಪುಗೂಡುತ್ತದೆ ಎಂದು ಕ್ವಾಂಟಮ್ ಭೌತಶಾಸ್ತ್ರ ಹೇಳುತ್ತಲೇ ಬಂದಿದೆ. ಅಕ್ಕ ಆ ಲೆಕ್ಕವನ್ನೂ ಮಾಡಿ ತೋರಿಸಿದರು. ಉತ್ತರ ನಲವತ್ತಾರರ ಆಸುಪಾಸಿನಲ್ಲೇ ಬಂತು. "ಅದೆಲ್ಲ ಸೆಮಿನಾರಿಗೆ ಚೆನ್ನಾಗಿರುತ್ತೆ," ಎಂದು ಮುಖ್ಯಸ್ಥರು ಕಡತ ಮುಚ್ಚಿದರು.

ಇಷ್ಟಕ್ಕೆ ತಮ್ಮನ್ನು ಕಾಡುತ್ತಿರಲಿಲ್ಲ. ಈ ಚಿಪ್ ಮೊದಲು ಕೂರಬೇಕಾಗಿರುವುದು ನನ್ನ ಅಣ್ಣನ ಮಗಳ ಕಿವಿಯ ಹಿಂದೆ. ಅವಳಿಗೆ ಆರು ವರ್ಷ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ, ನೆಲ ತಟ್ಟಿದರೆ ತಿರುಗುತ್ತಾಳೆ. ಆ ಹೆಸರನ್ನು ಅವಳಿಗೆ ಕೇಳಿಸುವ ಆಸೆಯಿಂದ, ಚಿಪ್ ಪಡೆಯುವವರ ಪಟ್ಟಿಯಲ್ಲಿ ಅದನ್ನು ಮೊದಲು ಬರೆಸಿದವನು ನಾನೇ.

ಆದ್ದರಿಂದ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ತಾವು ಒಮ್ಮೆ ಆ ಪದರದೊಳಕ್ಕೆ ದಯಮಾಡಿಸಿ, ಅಲ್ಲಿನ ಪೊಟ್ಟಣಗಳನ್ನು ಸಾಲಾಗಿ ನಿಲ್ಲಿಸಿ, ನೀರಿನಂತೆ ಹರಿಯಲು ಆಜ್ಞಾಪಿಸಬೇಕು. ಅದು ತಮ್ಮ ಘನತೆಗೆ ಕಡಿಮೆಯೆನಿಸಿದರೆ, ಮಗುವಿನ ತಲೆಯನ್ನು ಬಾಣಲೆ ದಪ್ಪದ ಸಿಲಿಕಾನ್ ಹಿಡಿಸುವಷ್ಟು ಹಿಗ್ಗಿಸಿಕೊಡಬೇಕು. ಅದೂ ಆಗದಿದ್ದರೆ, ನಲವತ್ತಾರು ಡಿಗ್ರಿಯನ್ನು ಮೂವತ್ತೊಂಬತ್ತೆಂದೇ ತಿಳಿದು ಸುಮ್ಮನಿರುವ ವಿದ್ಯೆಯನ್ನು ಅವಳ ಚರ್ಮಕ್ಕೂ ಕಲಿಸಿಕೊಡಬೇಕು. ನಮ್ಮ ಕಚೇರಿಗೆ ಅದು ಈಗಾಗಲೇ ಕರಗತವಾಗಿದೆ.

ಬಾಣಲೆಯ ಮಟ್ಟಿಗೆ ಮಾತ್ರ
ತಮ್ಮ ವಿಶ್ವಾಸಿ,
ವಿನ್ಯಾಸ ವಿಭಾಗದ ಎಂಜಿನಿಯರ್

ಮರೆತ ಮಾತು: ಅನುಮೋದನೆಯ ಸಭೆ ಶುಕ್ರವಾರ ಬೆಳಿಗ್ಗೆ. ಮೀಟರ್ ರಿಪೇರಿಯಲ್ಲಿರುವುದರಿಂದ ಉಷ್ಣಾಂಶವನ್ನು ತಮ್ಮ ಸೂತ್ರದಿಂದಲೇ ತೆಗೆದುಕೊಳ್ಳಲಾಗುವುದು. ತಾವು ಗೆಲ್ಲುತ್ತೀರಿ, ಅಭಿನಂದನೆಗಳು. ಮಗುವಿನ ಶಸ್ತ್ರಚಿಕಿತ್ಸೆ ಸೋಮವಾರಕ್ಕೆ ನಿಗದಿಯಾಗಿದೆ. ಅಕ್ಕನ ಲೆಕ್ಕವನ್ನು ಅಣ್ಣನಿಗೆ ತೋರಿಸಿದ್ದೇನೆ; ಅದನ್ನು ರದ್ದು ಮಾಡಲು ಅವನು ಇಂದು ಸಂಜೆ ಆಸ್ಪತ್ರೆಗೆ ಫೋನ್ ಮಾಡುತ್ತಾನೆ.