ಬಾಣಂತಿ ಕೋಣೆಯ ಬಾಗಿಲು

ಪಂಚಾಕ್ಷರಯ್ಯನವರು ಬಾಣಂತಿ ಕೋಣೆಯ ಮುಂದೆ ನಿಂತು ಭಾಷಣಕ್ಕೆ ಎದ್ದವರಂತೆ ಗಂಟಲು ಸರಿಮಾಡಿಕೊಂಡಾಗ, ಅವರ ಹೆಂಡತಿ ಸರ್ವಮಂಗಳಮ್ಮ ಮನೆಯ ಸಾಮಾನನ್ನೆಲ್ಲ ಒಮ್ಮೆ ಕಣ್ಣಲ್ಲೇ ಎಣಿಸಿಕೊಂಡರು. ಮದುವೆಯಾದಂದಿನಿಂದ ಗಂಡ ಹೀಗೆ ಗಂಟಲು ಸರಿಮಾಡಿಕೊಂಡಾಗಲೆಲ್ಲ ಮನೆಯ ಯಾವುದಾದರೊಂದು ಸಾಮಾನು ಹಾಳಾಗಿದೆ. ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಿಂದ ನಿವೃತ್ತರಾದ ಮೇಲಂತೂ ಅವರನ್ನು ಹಿಡಿಯುವವರೇ ಇಲ್ಲ. ಈ ಸಲ ಬಾಗಿಲ ನೆತ್ತಿಯ ಮೇಲೆ ಕೂತಿದ್ದ ಯಂತ್ರದಲ್ಲಿ ಹಳೆಯ ಮಿಕ್ಸಿಯ ಮೋಟಾರು, ಯಾವುದೋ ರೇಡಿಯೋದ ತಿರುಗಣೆ, ಕುಕ್ಕರಿನ ಮುಚ್ಚಳ ಇದ್ದವು. ಕುಕ್ಕರು ಮಾತ್ರ ಹಳೆಯದಲ್ಲ.

"ತಪ್ಪು ಬಾಗಿಲದ್ದಲ್ಲ ಕಣೇ, ಭೂಮಿದು," ಎಂದರು ಪಂಚಾಕ್ಷರಯ್ಯ. "ಅದು ಎಳೆಯೋ ದಿಕ್ಕನ್ನೇ ಒಂಚೂರು ಓರೆ ಮಾಡಿದ್ರೆ ಸಾಕು, ಬಾಗಿಲು ತಾನಾಗೇ ತೆಕ್ಕೊಂಡು ನಿಲ್ಲುತ್ತೆ."

ತಪ್ಪು ಯಾರದೆಂದು ಸರ್ವಮಂಗಳಮ್ಮನಿಗೆ ಗೊತ್ತಿತ್ತು. ಚೌಕಟ್ಟು ವಾಲಿದ್ದರಿಂದ ಬಾಗಿಲು ತೆರೆದಿಟ್ಟರೆ ಏನೂ ಅರಿಯದ ಹಾಗೆ ಮೆಲ್ಲಗೆ ಬಂದು, ಕೊನೆಯಲ್ಲಿ ಢಬ್ ಎಂದು ಮುಚ್ಚಿಕೊಳ್ಳುತ್ತಿತ್ತು. ಕೂಸು ಬೆಚ್ಚಿ ಎದ್ದು ಊರಿಗೆಲ್ಲ ಕೇಳುವಂತೆ ಅಳುತ್ತಿತ್ತು. ಮುಚ್ಚಿಯೇ ಇಡೋಣವೆಂದರೆ ಸಾಂಬ್ರಾಣಿ ಹೊಗೆ ಒಳಗೇ ಕಟ್ಟಿಕೊಂಡು ತಾಯಿ ಮಗು ಇಬ್ಬರೂ ಕೆಮ್ಮುತ್ತಿದ್ದರು. ನಾಮಕರಣಕ್ಕೆ ಅರಸೀಕೆರೆಯಿಂದ ಬಂದ ಬೀಗಿತ್ತಿ ಗಂಗಾಂಬಿಕಮ್ಮ, ಮೊಮ್ಮಗನ ಕೆಂಪು ಕಣ್ಣು ನೋಡಿ ಮುಖ ಸಣ್ಣದು ಮಾಡಿಕೊಂಡಿದ್ದರು. ಮುಂದಿನ ಭಾನುವಾರ ಮತ್ತೆ ಬರುತ್ತೇನೆ, ಆಗಲೂ ಕೂಸಿಗೆ ನಿದ್ದೆಯಿಲ್ಲವೆಂದರೆ ಸೊಸೆಯನ್ನೂ ಮಗುವನ್ನೂ ನಮ್ಮನೆಗೇ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿಯೇ ಹೊರಟಿದ್ದರು.

ಐದು ತಿಂಗಳ ಬಾಣಂತನ ಮಾಡಬೇಕೆಂದು ಸರ್ವಮಂಗಳಮ್ಮ ವರ್ಷದಿಂದ ಆಸೆಪಟ್ಟು ಕಾದಿದ್ದರು. ಇರುವವಳು ಒಬ್ಬಳೇ ಮಗಳು. ಆ ಆಸೆಯೆಲ್ಲ ಈಗ ಒಂದು ಬಾಗಿಲಿಗೆ ಜೋತುಬಿದ್ದಿತ್ತು.

ಹಾಗೆ ನೋಡಿದರೆ ಆಕೆ ಬಾಗಿಲನ್ನು ಆಗಲೇ ರಿಪೇರಿ ಮಾಡಿದ್ದರು. ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವ ಗುಂಡುಕಲ್ಲು ಇರುತ್ತದಲ್ಲ, ಅದನ್ನೇ ತಂದು ಬಾಗಿಲಿಗೆ ಒತ್ತಿಟ್ಟರು. ಬಾಗಿಲು ಕದಲಲಿಲ್ಲ, ಕೂಸು ಎರಡು ಗಂಟೆ ಹೊತ್ತು ಮಲಗಿತು. ಆದರೆ ಕಲ್ಲಿಗೆ ಎಡವಿದ ಪಂಚಾಕ್ಷರಯ್ಯ, ವಿಜ್ಞಾನ ಓದಿದವನ ಮನೆಯಲ್ಲಿ ಬಾಗಿಲಿಗೆ ಕಲ್ಲಿಡುವುದೇ ಎಂದು ಅದನ್ನು ಹಿತ್ತಲಿಗೆ ಸಾಗಿಸಿದರು. ಕೀಲು ಸರಿಮಾಡಲು ಬಂದ ಬಡಗಿಗೆ ಗುರುತ್ವಾಕರ್ಷಣೆಯ ಪಾಠ ಹೇಳಿದರು. ಅವನು ಚಹಾ ಕುಡಿದು ಹೋದವನು ಮತ್ತೆ ಆ ಬೀದಿಗೇ ಬರಲಿಲ್ಲ.

ಪಂಚಾಕ್ಷರಯ್ಯ ಈಗ ತಿರುಗಣೆ ತಿರುಗಿಸಿದರು. ಯಂತ್ರ ಗುಂಯ್ ಎಂದಿತು. ಬಾಗಿಲು ಹೇಳಿದ ಮಾತು ಕೇಳುವ ಮಗುವಿನಂತೆ ಹಿಂದೆ ಸರಿದು, ಗೋಡೆಗೆ ಒರಗಿ ನಿಂತೇಬಿಟ್ಟಿತು! ಸರ್ವಮಂಗಳಮ್ಮನಿಗೆ ನಂಬಲಾಗಲಿಲ್ಲ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಗಂಡನ ಮೇಲೆ ಹೆಮ್ಮೆಯೆನಿಸಿ, ಕಾಫಿಗೆ ಹಾಲಿಡಲು ಅಡಿಗೆಮನೆಗೆ ಹೋದರು.

ಅಲ್ಲಿ ಕಪಾಟಿನ ಬಾಗಿಲುಗಳೂ ಹಾಗೆಯೇ ತೆರೆದುಕೊಂಡು ನಿಂತಿದ್ದವು. ಬೇಳೆ ಡಬ್ಬ ಉರುಳಿಕೊಂಡು ನಡುಮನೆಯತ್ತ ಹೊರಟಿತ್ತು. ಕಾಫಿ ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬಿತ್ತು. ಇಡೀ ಮನೆಯೇ ಬೀದಿ ಕಡೆಗೆ ಇಳಿಜಾರಾಗಿತ್ತು.

ಇಷ್ಟನ್ನಾದರೂ ಸಹಿಸಬಹುದಿತ್ತು. ಆದರೆ ಮಗಳು ವನಜಾಕ್ಷಿ ಹಾಲು ಕುಡಿಸಲು ಕೂಸನ್ನು ಎತ್ತಿಕೊಂಡಳೋ ಇಲ್ಲವೋ, ಖಾಲಿ ತೊಟ್ಟಿಲು ತಾನೇ ತೂಗತೊಡಗಿತು. ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಆಗಿಬರುವುದಿಲ್ಲ! ಸರ್ವಮಂಗಳಮ್ಮ ಓಡಿಹೋಗಿ ಹಿಡಿದು ನಿಲ್ಲಿಸಿದರು. ಕೈ ಬಿಟ್ಟರೆ ಮತ್ತೆ ತೂಗುತ್ತಿತ್ತು. ಯಂತ್ರ ನಿಲ್ಲಿಸಿ ಎಂದು ಕೂಗಿಕೊಂಡರೆ, ಪಂಚಾಕ್ಷರಯ್ಯ ಮಸಿ ಹಿಡಿದ ತಂತಿಗಳ ನಡುವಿನಿಂದ, ಪ್ಲಗ್ಗು ಕಿತ್ತರೂ ನಿಲ್ಲುತ್ತಿಲ್ಲ, ತಿರುಗಣೆ ಕಚ್ಚಿಕೊಂಡಿದೆ, ಕಮ್ಮಿ ಮಾಡಲು ಹೋದರೆ ಜಾಸ್ತಿಯಾಗುತ್ತಿದೆ ಎಂದರು. ಕೊನೆಗೆ ಆಕೆ ಹಿತ್ತಲಿನಿಂದ ಗುಂಡುಕಲ್ಲನ್ನು ಹೊತ್ತು ತಂದು, ತೂಗಿದರೂ ಖಾಲಿ ತೂಗದಿರಲೆಂದು ತೊಟ್ಟಿಲಲ್ಲಿ ಮಲಗಿಸಿದರು.

ಕಲ್ಲಿನ ಭಾರಕ್ಕೆ ಸರಪಳಿ ಹಗಲೂ ರಾತ್ರಿ ಕಿರ್ರೋ ಎಂದಿತು. ಮೊದಲು ಢಬ್ ಎಂದಾಗ ಮಾತ್ರ ಏಳುತ್ತಿದ್ದ ಕೂಸು ಈಗ ಮಲಗುವುದನ್ನೇ ಬಿಟ್ಟಿತು. ಅದನ್ನು ಹೆಗಲಿಗೆ ಹಾಕಿಕೊಂಡು, ಏರು ಹತ್ತಿ ಅಡಿಗೆಮನೆಗೆ, ಇಳಿಜಾರಿನಲ್ಲಿ ಜಾರುತ್ತ ನಡುಮನೆಗೆ ಓಡಾಡಿ ಸರ್ವಮಂಗಳಮ್ಮನಿಗೆ ಸಾಕಾಗಿಹೋಯಿತು. ಅಳೋಣವೆಂದರೆ ಪುರುಸೊತ್ತಿಲ್ಲ.

ಭಾನುವಾರ ಗಂಗಾಂಬಿಕಮ್ಮ ಬಂದರು. ನಡುಮನೆಯಲ್ಲಿ ಕಂಬ ಹಿಡಿದು, ಗೋಡೆ ಹಿಡಿದು, ಬೆಟ್ಟ ಹತ್ತಿದವರಂತೆ ಏದುಸಿರು ಬಿಡುತ್ತ ಕೋಣೆಗೆ ತಲುಪಿದರು. ತೊಟ್ಟಿಲಲ್ಲಿ ದುಪ್ಪಟಿ ಹೊದ್ದ ಗುಂಡುಕಲ್ಲು ಸುಖವಾಗಿ ತೂಗಿಸಿಕೊಳ್ಳುತ್ತಿತ್ತು. ಸರ್ವಮಂಗಳಮ್ಮನ ಹೆಗಲ ಮೇಲೆ ಮೊಮ್ಮಗ ಕೆಂಪು ಕಣ್ಣು ಬಿಟ್ಟುಕೊಂಡು ಅಳುತ್ತಿದ್ದ.

"ಕಲ್ಲಿಗೆ ಚೆನ್ನಾಗಿ ನಿದ್ದೆ ಬಂದಿದೆ ಬೀಗಿತ್ತೀ," ಎಂದರು ಗಂಗಾಂಬಿಕಮ್ಮ. "ನನ್ ಮೊಮ್ಮಗನ್ನ ನಾನ್ ಮಲಗಿಸ್ಕೋತೀನಿ, ಕೊಡಿ."

ಸರ್ವಮಂಗಳಮ್ಮ ಕೂಸನ್ನು ಅವರ ಕೈಗಿಟ್ಟರು. ವನಜಾಕ್ಷಿ ಕಣ್ಣೊರೆಸಿಕೊಳ್ಳುತ್ತ ಬಟ್ಟೆ ತುಂಬಿದಳು. ಇನ್ನೊಂದೇ ಸಲ ಎಂದು ಪಂಚಾಕ್ಷರಯ್ಯ ತಿರುಗಣೆಗೆ ಕೈ ಹಾಕಿದರು ನೋಡಿ, ಇಳಿಜಾರು ಮತ್ತಷ್ಟು ಕಡಿದಾಯಿತು! ಸೂಟ್‌ಕೇಸು ಯಾರೂ ಹೊರದೆಯೇ ಬೀದಿಬಾಗಿಲಿಗೆ ಹೋಯಿತು. ಕೂಸನ್ನು ಎದೆಗೊತ್ತಿಕೊಂಡ ಗಂಗಾಂಬಿಕಮ್ಮ, ಅವರ ಹಿಂದೆ ವನಜಾಕ್ಷಿ, ಒಂದು ಹೆಜ್ಜೆಯನ್ನೂ ಎತ್ತಿಡದೆ ಜಾರಿಕೊಂಡು ಜಗುಲಿಗೆ ತಲುಪಿದರು. ಮಗಳ ಸೆರಗು ಹಿಡಿದು ನಿಲ್ಲಿಸಿಕೊಳ್ಳಬೇಕೆಂದಿದ್ದ ಸರ್ವಮಂಗಳಮ್ಮ ತಾವೂ ಜಾರುತ್ತ ಹೋಗಿ ಅವಳನ್ನು ಕಾರಿನವರೆಗೆ ಬಿಟ್ಟುಬಂದಂತಾಯಿತು. ಕಾರು ಬೀದಿಯ ತಿರುವು ದಾಟುವ ಮೊದಲೇ ಕೂಸಿನ ಅಳು ನಿಂತಿತ್ತು. ನಿದ್ದೆ ಬಂದಿರಬೇಕು.

ಒಳಗೆ ಮೋಟಾರು ಸುಟ್ಟ ವಾಸನೆ ಬಂತು. ಮನೆ ಒಮ್ಮೆ ನರಳಿ ಸಮವಾಯಿತು. ಆ ಜಗ್ಗಾಟದಲ್ಲಿ ವಾಲಿದ ಚೌಕಟ್ಟೂ ನೆಟ್ಟಗಾಗಿತ್ತೋ ಏನೋ, ಕೋಣೆಯ ಬಾಗಿಲು ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತಿತ್ತು. ಪಂಚಾಕ್ಷರಯ್ಯ ಅದನ್ನು ಅರ್ಧ ತೆರೆದು ನೋಡಿದರು, ಪೂರ್ತಿ ತೆರೆದು ನೋಡಿದರು. ಅವರ ಮುಖ ಅರಳಿತು.

"ನೋಡೇ, ಹೇಳಿರ್ಲಿಲ್ವ ನಾನು? ಇನ್ ಮೇಲೆ ಢಬ್ ಅನ್ನೋ ಮಾತೇ ಇಲ್ಲ."

ಸರ್ವಮಂಗಳಮ್ಮ ತೊಟ್ಟಿಲಿನಿಂದ ಕಲ್ಲನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಮಂಚದ ಮೇಲೆ ಕೂತರು.

"ಅನ್ಲಿ ಬಿಡ್ರೀ," ಎಂದರು. "ಬೆಚ್ಚಿ ಏಳೋಕೆ ಈಗ ಯಾರಿದಾರೆ?"